ನೋಡದ ಮೂರು ದಿನ

…ಕೆಂಪಗಿತ್ತು ಎಂದು ಬರೆಯಲು ಹೊರಟೆ. ಆದರೆ ಆ ಕೋಟಿನ ಬಣ್ಣ ನನಗೆ ಗೊತ್ತಿಲ್ಲ. ಬೆಳಿಗ್ಗೆ ಟ್ರಂಕು ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಬಂತು, ಅದರ ಬೆನ್ನಿಗೇ ಅನ್ವರ್ ಸರ್ ಅವರ ಕೋಟು ಕಣ್ಣ ಮುಂದೆ ಬಂತು. ಬಣ್ಣ ಆಮೇಲೆ ನಾನೇ ಹಚ್ಚಿದ್ದಿರಬೇಕು. ನಿಮಗೂ ಹೀಗಾಗುತ್ತಿರಬಹುದು.

ಕೋಟು ಇದ್ದದ್ದಂತೂ ನಿಜ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಲಕ್ಷ್ಮೇಶ್ವರದ ಅವರ ಮನೆಯಂಗಳದಲ್ಲಿ, ಒಣಹಾಕಿದ ಜೋಳದ ಮೇಲೆ ಹಗ್ಗಕ್ಕೆ ತೂಗುತ್ತಿತ್ತು. ಸರ್ ಗದಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ನಾಲ್ಕು ತಿಂಗಳು ರಜೆ ಹಾಕಿ, ಗೋವೆಯಿಂದ ಹೊರಟ ಸಂಶೋಧನಾ ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗಿ ಆಗಷ್ಟೇ ಬಂದಿದ್ದರು. ಪಕ್ಕದ ದಲಾಲಿ ಅಂಗಡಿಯ ಬಸಪ್ಪಣ್ಣ ಆ ಬಿಸಿಲಲ್ಲಿ ಕೋಟನ್ನು ಮುಟ್ಟಿ ಮುಟ್ಟಿ ನೋಡಿದ.

"ಹಕ್ಕಿ ಎಣಸಾಕ ಅಷ್ಟು ದೂರ ಹೋಗಬೇಕಿತ್ತೇನ್ರಿ ಸರ? ನಮ್ಮ ಮಾಗಡಿ ಕೆರ್ಯಾಗ ಬೇಕಾದಷ್ಟು ಕೊಕ್ಕರಿ ಅದಾವಲ್ಲ."

"ಅವು ನಿಮ್ಮನ್ನ ಕಂಡ್ರ ಹಾರಿ ಹೋಗ್ತಾವ್ರಿ ಬಸಪ್ಪಣ್ಣ. ಅಲ್ಲಿವಕ್ಕ ಇನ್ನೂ ನಿಮ್ಮ ಖಬರ ಮುಟ್ಟಿಲ್ಲ."

ಒಳಗಿನಿಂದ ಅವರ ತಾಯಿ, "ಎಣಿಸಿದ್ದು ಆತಲ್ಲ, ಇನ್ನರ ಉಣ್ಣಾಕ ಬಾ" ಎಂದರು.

ಎಣಿಸುವುದೆಂದರೆ ಹೀಗೆ: ಹಗಲು ತಾಸಿಗೊಮ್ಮೆ, ಹತ್ತು ನಿಮಿಷ, ಹಡಗಿನ ಒಂದೇ ಮಗ್ಗುಲಿಗೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಬರೆಯಬೇಕು. ಹಡಗಿನ ಬೆನ್ನು ಹತ್ತಿ ಬರುವ ಹಕ್ಕಿಯನ್ನು ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಜೊತೆಗೆ ಹಗ್ಗ ಕಟ್ಟಿದ ಬಕೀಟಿನಲ್ಲಿ ಸಮುದ್ರದ ನೀರು ಸೇದಿ ಅದರ ಉಷ್ಣತೆ ನೋಡಬೇಕು. ದಕ್ಷಿಣಕ್ಕೆ ಹೋದಂತೆ ಒಂದು ಕಡೆ ನೀರು ಒಮ್ಮೆಲೇ ತಣ್ಣಗಾಗುತ್ತದಂತೆ, ಅಲ್ಲಿಂದಾಚೆ ಹಕ್ಕಿಗಳೇ ಬೇರೆ. ಎರಡು ಮಾರು ರೆಕ್ಕೆಯ ಆಲ್ಬಟ್ರಾಸ್ ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲುವುದನ್ನು ಸರ್ ಜೋಳದ ನಡುವೆ ಕೈಚಾಚಿ ನಿಂತು ತೋರಿಸುತ್ತಿದ್ದರು. ಎಷ್ಟೋ ವರ್ಷದ ಮೇಲೆ ಕಾರವಾರದಲ್ಲಿ ನಿಜವಾದ ಸಮುದ್ರ ಕಂಡಾಗ ನನಗೆ ಸ್ವಲ್ಪ ಸಪ್ಪೆ ಎನಿಸಿತು.

ನಾನು ಅವರ ಹಳೆಯ ವಿದ್ಯಾರ್ಥಿ, ಊರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅಕ್ಷರ ಚೆಂದ ಎಂಬುದೊಂದೇ ನನ್ನ ಹೆಗ್ಗಳಿಕೆ. ಅದಕ್ಕೇ ವರದಿಯ ಶುದ್ಧಪ್ರತಿ ಬರೆದು ಸರಾಸರಿ ತೆಗೆಯುವ ಕೆಲಸ ನನಗೆ ಬಂತು. ವರದಿ ಆ ವಾರದೊಳಗೆ ಮುಟ್ಟಿದರೆ ಮಾತ್ರ ಮುಂದಿನ ಯಾನಕ್ಕೆ ಸರ್ ಹೆಸರನ್ನು ನೋಡುತ್ತೇವೆ ಎಂದು ಯಾನ ನಡೆಸುವವರಿಂದ ಪತ್ರ ಬಂದಿತ್ತು. ಅವರಿಗೆ ಇನ್ನೊಮ್ಮೆ ಹೋಗಲೇಬೇಕಿತ್ತು. ಬೇರೆ ಯಾವುದಕ್ಕೂ ಅವರು ಅಷ್ಟು ಆಸೆಪಟ್ಟದ್ದನ್ನು ನಾನು ಕಂಡಿಲ್ಲ.

ವರದಿಯನ್ನು ರಿಜಿಸ್ಟರ್ ಪೋಸ್ಟ್ ಮಾಡಲು ಗದಗಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಹಾಳೆ ತಿರುವುತ್ತಿದ್ದ ಸರ್ ಒಂದು ಕಡೆ ಬೆರಳಿಟ್ಟರು.

"ಇಲ್ಲೆ ಸೊನ್ನಿ ಯಾರು ಬರದ್ರು?"

"ನಾನ ಸರ. ನೀರಿನ ಲೆಕ್ಕ ಇತ್ತು, ಹಕ್ಕಿ ಕಾಲಂ ಅಷ್ಟ ಖಾಲಿ ಇತ್ತು. ನೀವು ಮರ್ತೀರಿ ಅಂದಕೊಂಡೆ."

"ಲೇ ಮಾಸ್ತರ, ನೀರು ಇನ್ನೊಬ್ಬಂವ ಸೇದಿದ್ದ. ಸೊನ್ನಿ ಅಂದ್ರ ನಾ ನೋಡೀನಿ, ಹಕ್ಕಿ ಇದ್ದಿಲ್ಲ. ಖಾಲಿ ಅಂದ್ರ ನಾ ನೋಡೇ ಇಲ್ಲ. ಆ ಮೂರು ದಿನ ತೆರಿ ಹೊಡತಕ್ಕ ನಾ ಬಕೀಟಿನಾಗ ಮಾರಿ ಇಟಗೊಂಡು ಬಿದ್ದಿದ್ನಿ."

ನೀರು ತಣ್ಣಗಾದದ್ದು, ಹಕ್ಕಿಗಳು ಬದಲಾದದ್ದು ಆ ಮೂರು ದಿನದಲ್ಲೇ. ನನ್ನ ಸೊನ್ನೆಗಳು ಸರಾಸರಿಗೂ ನಕ್ಷೆಗೂ ಸೇರಿ ಹೋಗಿದ್ದವು.

"ಹಂಗ ಕಳಿಸಿಬಿಡ್ರಿ ಸರ," ಅಂದೆ. "ಯಾರು ಅಷ್ಟು ನೋಡ್ತಾರ?"

"ಓದಿದಂವ ನಂಬ್ತಾನಲ್ಲೋ. ಅಲ್ಲಿ ಹಕ್ಕಿನ ಇಲ್ಲ ಅಂತ."

ಬಸ್ಸು ಬಂತು, ಹೋಯಿತು. ಅವರು ಏಳಲಿಲ್ಲ. ಆಗ ಮಳೆ ಬರುತ್ತಿತ್ತು ಎಂದು ಇಲ್ಲೊಂದು ವಾಕ್ಯ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಮಳೆ ನನಗೆ ನೆನಪಿಲ್ಲ.

ಎರಡು ದಿನ ಅವರ ಮನೆಯಲ್ಲೇ ಕುಳಿತು ಎಲ್ಲವನ್ನೂ ಮತ್ತೆ ಬರೆದೆವು. ಸರ್ ನನಗೆ ಬಯ್ಯಲಿಲ್ಲ. ಯಾಕೆ ತಡವಾಯಿತೆಂದು ತಾಯಿ ಕೇಳಿದಾಗ, "ನಂದ ಚೂರು ಕೆಲಸ ಉಳಿದಿತ್ತು" ಎಂದರು. ಹಕ್ಕಿ ಕಾಲಮ್ಮಿನ ಕೆಳಗೆ ಅವರದೇ ಅಡ್ಡಾದಿಡ್ಡಿ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕಿದರು: ಈ ಮೂರು ದಿನ ವೀಕ್ಷಕ ಹಾಸಿಗೆ ಹಿಡಿದಿದ್ದ. ಅಷ್ಟು ದೂರ ಹೋಗಿ ಬಂದವರಲ್ಲಿ ಎಷ್ಟು ಜನ ಆ ಸಾಲು ಬರೆದಾರು? ನಾನು ಬರೆಯುತ್ತಿರಲಿಲ್ಲ.

ವರದಿ ತಡವಾಗಿ ಮುಟ್ಟಿತು. ಮುಂದಿನ ಯಾನದ ತಂಡ ತುಂಬಿದೆ ಎಂದು ಎರಡು ಸಾಲಿನ ಉತ್ತರ ಬಂತು. ಸರ್ ಮತ್ತೆ ಹೋಗಲಿಲ್ಲ. ಪ್ರತಿ ಚಳಿಗಾಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಮಾಗಡಿ ಕೆರೆಯ ದಂಡೆಯ ಮೇಲೆ ಹತ್ತು ಹತ್ತು ನಿಮಿಷ ನಿಲ್ಲಿಸುತ್ತಿದ್ದರು.

ಇಷ್ಟು ದಿನ ಈ ಕಥೆಯನ್ನು ನನ್ನಿಂದ ಅವರ ಯಾನ ತಪ್ಪಿತು ಎಂದೇ ಹೇಳುತ್ತ ಬಂದಿದ್ದೆ. ಇವತ್ತು ಬರೆಯಲು ಕುಳಿತಾಗ ಅದಕ್ಕೂ ಆಧಾರ ಸಿಗುತ್ತಿಲ್ಲ. ತಂಡ ಮೊದಲೇ ತುಂಬಿತ್ತೋ, ಆ ಎರಡು ದಿನದಲ್ಲಿ ತುಂಬಿತೋ ಪತ್ರದಲ್ಲಿ ಇರಲಿಲ್ಲ. ಸರ್ ಅವರಿಗೆ ಗೊತ್ತಿದ್ದಿರಬಹುದು. ಅವರು ತೀರಿಹೋಗಿ ವರ್ಷಗಳಾದವು. ಇದ್ದಾಗ ಎಷ್ಟೋ ಸಂಜೆ ಅದೇ ಅಂಗಳದಲ್ಲಿ ಚಹಾ ಕುಡಿದೆ, ಕೇಳಲು ಧೈರ್ಯವಾಗಲಿಲ್ಲ. ಹಾಗಾಗಿ ನನಗೆ ಗೊತ್ತಿಲ್ಲ.