ಬೋರ್ಡು ಓದಿದ ಮೇಲೆ ಬಸ್ಸು

ಮೂಡಲಪಾಳ್ಯದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ ನಮ್ಮ ಕಾಲೇಜಿನ ತಂಡಕ್ಕೆ ನನ್ನ ಗೆಳತಿಯೇ ಲೀಡರ್. ಸಂಜೆಯ ಪಾಠ ಸಾಲದೆಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲೂ ಓದಿಸುತ್ತಿದ್ದಳು. ಬಂದ ಬಸ್ಸಿನ ಬೋರ್ಡು ಪೂರ್ತಿ ಓದುವವರೆಗೆ ಯಾರೂ ಬಸ್ಸು ಹತ್ತುವಂತಿಲ್ಲ, ಟೀಚರೂ ಹತ್ತುವಂತಿಲ್ಲ. ಬಸ್ಸು ಹೊರಟುಹೋದರೆ ವೇಲು ಸರಿಮಾಡಿಕೊಂಡು, "ಇನ್ನೊಂದು ಬರತ್ತೆ ಆಂಟಿ," ಎನ್ನುತ್ತಿದ್ದಳು. ಕೆಲಸಕ್ಕೆ ತಡವಾದವರ ಬೈಗುಳ ಕೇಳಿಸಿಕೊಳ್ಳುವುದು ನಮ್ಮ ಪಾಲಿಗೆ ಬರುತ್ತಿತ್ತು.

ಒಂದು ದಿನ ಅವಳಿಗೇ ಕೆಂಗೇರಿಯಲ್ಲಿ ಪರೀಕ್ಷೆ. ಬಸ್ಸು ಬಂತು. ಮನೆಗೆಲಸಕ್ಕೆ ಹೊರಟಿದ್ದ ಸಿಂಧನೂರಿನ ಆಂಟಿ, "ಕೆಂ..." ಎಂದು ಶುರುಮಾಡಿದರು.

"ನಿನ್ ಎಕ್ಸಾಮ್ ಕಣೇ, ಹತ್ತು," ಎಂದೆ.

"ಅವ್ರು ಓದ್ತಾ ಇದಾರೆ," ಎಂದಳು.

ಬಸ್ಸು ಹೋಯಿತು. ಪರೀಕ್ಷೆಯೂ ಹೋಯಿತು.

ಮರುಪರೀಕ್ಷೆಯ ಬೆಳಿಗ್ಗೆಯೂ ಅದೇ ಬಸ್ಸು, ಅದೇ ಆಂಟಿ. "ಕೆಂಗೇ... ನಿಮ್ದ ಬಸ್ ಐತ್ರಿ ಟೀಚರ್, ಹತ್ರಿ!"

"ಪೂರ್ತಿ ಓದಿ ಆಂಟಿ."

ಆಂಟಿ ಅವಳ ರಟ್ಟೆ ಹಿಡಿದು ಬಸ್ಸಿನೊಳಕ್ಕೆ ನೂಕಿದರು. ಬಸ್ಸು ಹೊರಟ ಮೇಲೆ ಅದರ ಹಿಂದಿನ ಬೋರ್ಡು ನೋಡಿಕೊಂಡು, ಬಾಕಿ ಉಳಿದಿದ್ದ ಒಂದು ಅಕ್ಷರವನ್ನು ಇಡೀ ಸ್ಟಾಪಿಗೆ ಕೇಳುವಂತೆ ಓದಿ ಮುಗಿಸಿದರು.