ಹೆರಿಗೆ ಕೋಣೆಯ ಬೀಗ

ಹೊಸ ರೆಕ್ಸಿನ್‌ಗೆ ಒಂದು ವಾಸನೆಯಿದೆ, ನೀವೂ ಬಲ್ಲಿರಿ. ಸ್ವಲ್ಪ ಸೀಮೆಎಣ್ಣೆಯಂತೆ, ಸ್ವಲ್ಪ ರಬ್ಬರಿನಂತೆ. ಕಳೆದ ತಿಂಗಳು ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯ ಸಮುದಾಯ ಭವನಕ್ಕೆ ಸರ್ಕಾರದ ಅನುದಾನದಲ್ಲಿ ಕುರ್ಚಿಗಳು ಬಂದವು. ಮಂಡಿನೋವಿನವಳು ನಾನು, ಕಂಡ ಕೂಡಲೇ ಕೂರಲು ಹೋದೆ. "ಅಜ್ಜಿ, ಉದ್ಘಾಟನೆ ಆಗೋವರ್ಗೂ ಯಾರೂ ಕೂರಬಾರ್ದಂತೆ" ಎಂದು ಕಾವಲಿನವನು ತಡೆದ. ಅವನ ತಪ್ಪೇನೂ ಇಲ್ಲ. ಆದರೆ ಆ ವಾಸನೆಗೆ ಆ ಮಾತು ಸೇರಿದ್ದೇ ತಡ, ನಿಂತಲ್ಲೇ ನನ್ನ ಕೈ ಸೊಂಟಕ್ಕೆ ಹೋಯಿತು.

ಇಪ್ಪತ್ತೆರಡನೆಯ ವಯಸ್ಸಿಗೆ ನಾನು ಗ್ರಾಮಸೇವಿಕೆಯಾಗಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬಂಗಾರಪೇಟೆಯ ಬ್ಲಾಕ್ ಆಫೀಸಿನಿಂದ ಕಾಮಸಮುದ್ರದ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಕಾಲ್ನಡಿಗೆಯಲ್ಲಿ ಹೋಗಿ, ಹೆಂಗಸರಿಗೆ ಹೊಗೆಯಿಲ್ಲದ ಒಲೆ ಕಟ್ಟುವುದನ್ನು ಕಲಿಸಬೇಕಿತ್ತು. ನಾನು ಕಟ್ಟಿದ ಮೊದಲ ಒಲೆ ಎಷ್ಟು ಹೊಗೆ ಬಿಟ್ಟಿತೆಂದರೆ ಮನೆಯವರು ಕೋಳಿಗಳ ಸಮೇತ ಹೊರಗೆ ಓಡಿಬಂದಿದ್ದರು. ಒಲೆಯ ವಿಷಯ ನನಗೇನು ಗೊತ್ತು? ಮನೆಯಲ್ಲಿ ಅಡುಗೆಯೆಲ್ಲ ಅಮ್ಮನದು. ಆದರೂ ಗಂಜಿ ಹಾಕಿದ ಸೀರೆ ಉಟ್ಟು ಬಗಲಲ್ಲಿ ಫೈಲು ಹಿಡಿದು ಹೋದರೆ ಜನ "ಅಮ್ಮಾವ್ರು ಬಂದ್ರು" ಎಂದು ಜಗಲಿ ಬಿಟ್ಟುಕೊಡುತ್ತಿದ್ದರು. ಆ ಮರ್ಯಾದೆ ನನ್ನ ತಲೆಗೆ ಚೆನ್ನಾಗಿಯೇ ಏರಿತ್ತು.

ಕಾಮಸಮುದ್ರದಾಚೆಯ ಒಂದು ಹಳ್ಳಿಗೆ ಹೆರಿಗೆ ಕೇಂದ್ರದ ಗ್ರಾಂಟು ಸಿಕ್ಕಿತು. ಅರ್ಜಿ ಬರೆದವಳು ನಾನೇ. ಸರ್ಕಾರ ಅರ್ಧ ಕೊಟ್ಟರೆ ಉಳಿದರ್ಧ ಊರಿನವರ ಕೈಯಿಂದ ಆಗಬೇಕು. ಪಂಚಾಯ್ತಿ ಛೇರ್ಮನ್ ವೆಂಕಟಪ್ಪ ಮನೆಮನೆಗೂ ಹೋಗಿ ಜನರನ್ನು ಎಬ್ಬಿಸಿದ. ಬಂಡೆ ಒಡೆದರು, ಗಾಡಿ ಹೂಡಿ ಕಲ್ಲು ತಂದರು, ಹೆಂಗಸರು ಮಣ್ಣು ಹೊತ್ತರು. ಒಂದು ಕೋಣೆ ಎದ್ದಿತು. ಅದರೊಳಕ್ಕೆ ಕಬ್ಬಿಣದ ಕಾಲಿನ, ಕಪ್ಪು ರೆಕ್ಸಿನ್ ಹೊದಿಸಿದ ಹೆರಿಗೆ ಮೇಜು, ಕತ್ತರಿ ಚಿಮುಟಗಳನ್ನು ಕುದಿಸುವ ಪಾತ್ರೆ, ಒಂದು ಬೀರು ಬಂದವು. ಇದು ಗ್ರಾಂಟಿನ ಮೊದಲ ಭಾಗ. ಕೋಲಾರದಿಂದ ಸಾಹೇಬರು ಬಂದು, ಸಾಮಾನೆಲ್ಲ ಹೊಸದಾಗಿ, ಬಳಸದೆ ಇದೆಯೆಂದು ಕಣ್ಣಾರೆ ಕಂಡು ರುಜು ಹಾಕಿದರೆ ಎರಡನೆಯ ಭಾಗ. ಅದರಲ್ಲಿ ಒಂದು ಬಾವಿ, ಮಿಡ್‌ವೈಫ್ ಉಳಿದುಕೊಳ್ಳಲು ಒಂದು ಮನೆ. ಅಲ್ಲಿಯವರೆಗೆ ಮಿಡ್‌ವೈಫ್ ಪೊನ್ನಮ್ಮ ವಾರಕ್ಕೆರಡು ಸಲ ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬಂದುಹೋಗಬೇಕು. ಹೆರಿಗೆ ನೋವು ಬಸ್ಸಿನ ಟೈಮು ನೋಡಿಕೊಂಡು ಬರುತ್ತದೆಯೇ?

ಪಕ್ಕದೂರಿನವರು ಶಾಲೆಗೆ ಬಂದ ಹೊಸ ಬೆಂಚುಗಳನ್ನು ತಪಾಸಣೆಗೆ ಮೊದಲೇ ಒಂದು ಮದುವೆಗೆ ಕೊಟ್ಟಿದ್ದರು. ಬೆಂಚಿನ ಮೇಲೆ ಸಾರಿನ ಕಲೆ ಕಂಡು ಉಳಿದ ಗ್ರಾಂಟು ನಿಂತೇಹೋಯಿತು. ಹಾಗಾಗಿ ತಪಾಸಣೆಯ ದಿನ ಬೆಳಿಗ್ಗೆ ವೆಂಕಟಪ್ಪ ಬೀಗದ ಕೈಯನ್ನು ನನ್ನ ಕೈಗಿಟ್ಟು, "ಅಮ್ಮಾವ್ರೇ, ಸಾಹೇಬ್ರು ನೋಡೋಗಂಟ ಯಾರ್ ಕೇಳಿದ್ರೂ ತೆಗೀಬೇಡಿ. ಗ್ರಾಂಟು ಒಂಟೋಯ್ತದೆ" ಎಂದ. ಸಾಹೇಬರ ಜೀಪನ್ನು ಎದುರುಗೊಳ್ಳಲು ಕೆರೆಕಟ್ಟೆಯ ಕಡೆ ಹೋದ. ನಾನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹತ್ತು ಗಂಟೆಯ ಸುಮಾರಿಗೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಅದರಲ್ಲಿ ರತ್ನ, ಚೊಚ್ಚಲ ಬಸುರಿ. ಗಂಡ ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೂಲಿ. ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದಿನ ದಿನದಿಂದ ನೋವು ತಿಂದು ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಜೊತೆಗೆ ಅವಳ ತಾಯಿ ಮುನಿಯಮ್ಮ. ತಪಾಸಣೆಗೆಂದು ಪೊನ್ನಮ್ಮ ಅಂದು ಅಲ್ಲೇ ಇದ್ದದ್ದು ಪುಣ್ಯ. ಆಕೆ ಗಾಡಿಯೊಳಗೇ ಹತ್ತಿ ನೋಡಿ ಇಳಿದವಳು ನೇರವಾಗಿ ನನ್ನ ಬಳಿ ಬಂದಳು. ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ತಮಿಳು ಹೆಂಗಸು. ಅವಸರವಾದರೆ ಅವಳ ಕನ್ನಡದೊಳಕ್ಕೆ ತಮಿಳು ನುಗ್ಗುತ್ತಿತ್ತು.

"ಮಗು ಉಲ್ಟಾ ಇದೆ ಅಮ್ಮಾ. ಸೊಂಟ ಮುಂದೆ ಬರ್ತಾ ಇದೆ. ನೆಲದ ಮೇಲೆ ಆಗಲ್ಲ, ಮೇಜಿನ ಅಂಚು ಬೇಕು. ಸಾವಿ ಕೊಡು, ಬೇಗ, ಸೀಕ್ರಂ!"

ಸಾವಿ ಎಂದರೆ ಬೀಗದ ಕೈ. ಅದು ನನ್ನ ಸೊಂಟದಲ್ಲಿ ಒತ್ತುತ್ತಿತ್ತು.

ಈಗ ನೀವು ನನ್ನ ಪಕ್ಕದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಒಳಗೆ ಕಲೆಯಿಲ್ಲದ ಮೇಜು. ಸಾಹೇಬರು ಇನ್ನೇನು ಬರುವ ಹೊತ್ತು. ಬಾವಿ, ಮನೆ, ಊರಿನವರು ಹೊತ್ತ ಕಲ್ಲು, ಇನ್ನು ಮುಂದೆ ಇಲ್ಲಿ ಹೆರುವ ಹೆಂಗಸರು, ಎಲ್ಲವೂ ಒಮ್ಮೆಗೇ ನನ್ನ ತಲೆಯೊಳಗೆ ಬಂದವು. ನನ್ನ ನೌಕರಿಯೂ ಬಂತು. ಅದನ್ನು ಕೊನೆಗೆ ಹೇಳುತ್ತಿದ್ದೇನಾದರೂ ಮೊದಲು ಬಂದದ್ದು ಅದೇ ಇರಬೇಕು. "ಜೀಪು ಈಗ ಬಂದುಬಿಡುತ್ತೆ. ಅದರಲ್ಲೇ ಬಂಗಾರಪೇಟೆ ಆಸ್ಪತ್ರೆಗೆ ಕಳಿಸೋಣ" ಎಂದೆ.

"ಜೀಪ್ ಬರೋವರ್ಗೂ ಮಗು ಕಾಯಲ್ಲ!"

ಮುನಿಯಮ್ಮ ಬಂದು ನನ್ನ ಕಾಲು ಹಿಡಿದಳು. "ಕೈ ಮುಗೀತೀನಿ ಅಮ್ಮಾವ್ರೇ, ಬಾಗ್ಲು ತೆಗೀರಿ."

ನನ್ನ ಬಾಯಿಂದ ಬಂದ ಮಾತು ಇದು: "ಬೀಗದ ಕೈ ಛೇರ್ಮನ್ನರ ಹತ್ತಿರ ಇದೆ."

"ಎಲ್ಲವ್ರೆ?"

"ಕೆರೆಕಟ್ಟೆ ಮೇಲೆ."

"ನಾನ್ ಓಗ್ ತತ್ತೀನಿ" ಎಂದವಳೇ ಸೆರಗು ಬಿಗಿದು ಓಡಿದಳು. ಕಟ್ಟೆಗೆ ಒಂದು ಮೈಲಿಗೆ ಕಡಿಮೆಯಿಲ್ಲ. ಚಪ್ಪಲಿಯಿಲ್ಲದ ಕಾಲು, ಜಾಲಿಮುಳ್ಳಿನ ದಾರಿ. ಅವಳು ಓಡುವುದನ್ನು ನೋಡುತ್ತ ನಿಂತೆ. ಕರೆದರೆ ಕೇಳುವಷ್ಟು ದೂರದಲ್ಲಿ ಇದ್ದಾಗಲೂ ಕರೆಯಲಿಲ್ಲ. ಹುಣಸೇಮರದ ತಿರುವಿನಲ್ಲಿ ಮರೆಯಾದಳು.

ಎಷ್ಟು ಹೊತ್ತಾಯಿತೋ. ಅರ್ಧ ಗಂಟೆಯಾದರೂ ಇರಬೇಕು. ಗಾಡಿಯೊಳಗಿಂದ ರತ್ನ ಕೂಗುತ್ತಿದ್ದಳು. ನಾನು ರಸ್ತೆ ನೋಡುತ್ತಿದ್ದೆ. ಧೂಳೇಳಲಿಲ್ಲ. ಆಮೇಲೆ ಕೂಗು ನಿಂತಿತು. ಕೂಗಿಗಿಂತ ಆ ಸದ್ದಿಲ್ಲದ ಗಳಿಗೆಗೆ ನಾನು ಹೆದರಿದೆ. ಪೊನ್ನಮ್ಮ ಗಾಡಿಯಿಂದ ತಲೆ ಹೊರಹಾಕಿ ನನ್ನನ್ನೇ ನೋಡಿದಳು. ನಾನು ಸೊಂಟಕ್ಕೆ ಕೈ ಹಾಕಿದೆ. ಬೀಗದ ಕೈ ಎಲ್ಲಿಂದ ಹೊರಬಂತೆಂದು ಅವಳು ಕಂಡಳು. ಗಾಡಿಯವನೂ ನಾವಿಬ್ಬರೂ ಸೇರಿ ರತ್ನಳನ್ನು ಎತ್ತಿ ತಂದು ಮೇಜಿನ ಮೇಲೆ ಮಲಗಿಸಿದೆವು. ಗಾಡಿಯವನು ಹೊರಗೆ ಹೋದ. ನಾನು ಅವಳ ಭುಜ ಹಿಡಿದು ನಿಂತೆ.

ಹೆಣ್ಣು ಮಗು. ನೀಲಿಗಟ್ಟಿತ್ತು, ಅಳಲಿಲ್ಲ. ಪೊನ್ನಮ್ಮ ಅದರ ಬಾಯಿ ಒರೆಸಿದಳು, ಬೆನ್ನು ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು. ಕೊನೆಗೆ ಬೆಕ್ಕಿನ ಮರಿಯಂತೆ ಒಂದು ಸಣ್ಣ ಸ್ವರ ಬಂತು. ರತ್ನಳೂ ಕಣ್ಣು ಬಿಟ್ಟಳು. ಮಗುವಿನ ಎಡಗೈ ಮಾತ್ರ ಆಡಲಿಲ್ಲ, ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

ಅಷ್ಟರಲ್ಲಿ ಜೀಪು ಬಂತು. ಸಾಹೇಬರ ಹಿಂದೆ ವೆಂಕಟಪ್ಪ. ಅದೇ ಜೀಪಿನಿಂದ ಮುನಿಯಮ್ಮನೂ ಇಳಿದಳು. ಅವಳ ಕಾಲಿನಿಂದ ರಕ್ತ ಬರುತ್ತಿತ್ತು. ಮೇಜಿನ ಮೇಲಿನ ಕೆಂಪು ಕಂಡು ವೆಂಕಟಪ್ಪ ಹಾಗೇ ಗೋಡೆಗೊರಗಿದ. ಸಾಹೇಬರು ಬಾಗಿಲಿನಲ್ಲೇ ನಿಂತು ಕೇಳಿದರು: "ಬೀಗ ತೆಗೆದವರು ಯಾರು?"

ಪೊನ್ನಮ್ಮ ತಲೆ ಎತ್ತಲಿಲ್ಲ.

"ನಾನು ಸಾರ್" ಎಂದೆ.

ಅವರು ಒಳಗೆ ಬಂದು ಮೇಜನ್ನು ನೋಡಿದರು. ಆಮೇಲೆ ಮಗುವನ್ನು ನೋಡಿ, "ಒಳ್ಳೆ ಕೆಲಸ ಮಾಡಿದಿರಿ. ನಿಮ್ಮ ಸಮಯಪ್ರಜ್ಞೆ ಮೆಚ್ಚಬೇಕಾದದ್ದು" ಎಂದರು. ಅಲ್ಲೇ ಬೀರುವಿನ ಮೇಲೆ ಫೈಲಿಟ್ಟುಕೊಂಡು ರುಜು ಹಾಕಿದರು. ವೆಂಕಟಪ್ಪ ಅತ್ತುಬಿಟ್ಟ. ಬೀಗದ ಕೈ ಯಾರ ಹತ್ತಿರ ಇತ್ತೆಂದು ಅವನು ದಾರಿಯಲ್ಲೇ ಹೇಳಿದ್ದನೇನೋ, ಮುನಿಯಮ್ಮ ನನ್ನ ಸೊಂಟದ ಕಡೆ ಒಮ್ಮೆ ನೋಡಿ ಮಗಳ ಹತ್ತಿರ ಹೋದಳು.

ಗ್ರಾಂಟು ಬಂತು. ಬಾವಿಯಲ್ಲಿ ನೀರು ಬಿತ್ತು, ಪೊನ್ನಮ್ಮ ಆ ಮನೆಗೆ ಬಂದು ನೆಲೆಸಿದಳು. ಬ್ಲಾಕ್ ಸಭೆಯಲ್ಲಿ ನನಗೆ ಹಾರ ಹಾಕಿದರು. ನಾನು ಕೊರಳು ಬಗ್ಗಿಸಿದೆ. ಒಮ್ಮೆ ಧೈರ್ಯ ಮಾಡಿ ಪೊನ್ನಮ್ಮನನ್ನು ಕೇಳಿದೆ: ಬೇಗ ತೆಗೆದಿದ್ದರೆ ಆ ಮಗುವಿನ ಕೈ ಸರಿಯಿರುತ್ತಿತ್ತೇ? ಅವಳು ಕತ್ತರಿ ಕುದಿಸುತ್ತಿದ್ದಳು. "ಉಲ್ಟಾ ಬರೋ ಮಗುಗೆ ಹಂಗೂ ಆಗತ್ತೆ ಅಮ್ಮಾ. ಬೇಗ ತೆಗೆದಿದ್ರೆ ಆಗ್ತಿತ್ತೋ ಇಲ್ವೋ, ನಂಗೆ ತೆರಿಯಾದು." ಗೊತ್ತಿಲ್ಲ ಎಂದಷ್ಟೇ ಹೇಳಿದಳು. ಹೌದು ಎಂದಿದ್ದರೆ ಅತ್ತು ಮುಗಿಸುತ್ತಿದ್ದೆನೇನೋ.

ಆ ಮಗು ಜಯಮ್ಮ. ಬಂಗಾರಪೇಟೆಯಲ್ಲಿ ಗಂಡನೊಡನೆ ಹಿಟ್ಟಿನ ಗಿರಣಿ ನಡೆಸುತ್ತಾಳೆಂದು ಎಷ್ಟೋ ವರ್ಷಗಳಿಂದ ನನಗೆ ಗೊತ್ತಿತ್ತು. ಆ ಬೀದಿಗೆ ಹೋದಾಗಲೆಲ್ಲ ಎದುರು ಸಾಲಿನಲ್ಲಿ ನಡೆದುಬಿಡುತ್ತಿದ್ದೆ. ಆ ಹೊಸ ಕುರ್ಚಿಗಳ ವಾಸನೆ ಬೆನ್ನು ಬಿಡದೆ, ಮೊನ್ನೆ ಸೋಮವಾರ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗಿ ಅವಳ ಗಿರಣಿಯ ಮುಂದೆಯೇ ನಿಂತೆ. ಬಲಗೈಯಲ್ಲೇ ರಾಗಿ ಸುರಿಯುತ್ತಿದ್ದಳು, ತಲೆಯೆಲ್ಲ ಹಿಟ್ಟು. ಹೆಸರು ಹೇಳಿದೆ. ಗಿರಣಿ ನಿಲ್ಲಿಸಿದಳು. ಆ ದಿನದ್ದೆಲ್ಲ ಹೇಳಿದೆ. ಸೊಂಟದಲ್ಲಿದ್ದ ಬೀಗದ ಕೈ, ಸುಳ್ಳು, ಅವಳಜ್ಜಿ ಓಡಿದ್ದು, ನಾನು ಕರೆಯದೆ ನಿಂತಿದ್ದು, ಎಲ್ಲ.

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಜ್ಜಿ ಸಾಯೋಗಂಟ ಈ ಮಾತ್ ಏಳ್ತಾನೇ ಇದ್ಲು ಅಮ್ಮಾ. ಅಮ್ಮಂಗೂ ಗೊತ್ತಿತ್ತು, ನಂಗೂ ಗೊತ್ತು. ನೀವಾಗ್ ನೀವೇ ಬಂದ್ ಏಳ್ತೀರೋ ಇಲ್ವೋ, ಅದೊಂದ್ ಗೊತ್ತಿರ್ಲಿಲ್ಲ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಒಂದು ಸ್ಟೂಲು ಎಳೆದು, ಅದರ ಮೇಲಿನ ಹಿಟ್ಟು ಕೊಡವಿ, "ಕೂತ್ಕೊಳ್ಳಿ" ಎಂದಳು. ಕೂತೆ. ಅವಳು ಗಿರಣಿ ಮತ್ತೆ ಶುರುಮಾಡಿದಳು. ಆ ಸದ್ದಿನಲ್ಲಿ ನಾನು ಕೂತೇ ಇದ್ದೆ, ಎದ್ದು ಬರಲಿಲ್ಲ.