ಬನ್ನಿನೊಳಗಿನ ಕುಂಬಳಕಾಯಿ

ನಮ್ಮ ಯಜಮಾನರದ್ದು ಬೇಕರಿ. ಹಿಟ್ಟು ಉಬ್ಬಲು ಗಂಟೆಗಟ್ಟಲೆ ಬೇಕು, ಅವರು ಉಬ್ಬಲು ಒಂದು ಹೊಗಳಿಕೆ ಸಾಕು. ನಾನು ಗಲ್ಲಾದಲ್ಲಿ ಕೂರುತ್ತೇನೆ. ಅವರು ಒಳಗೆ ಹಿಟ್ಟು ನಾದುತ್ತ ಲೋಕದ ಸಮಾಚಾರಕ್ಕೆಲ್ಲ ತೀರ್ಪು ಕೊಡುತ್ತಾರೆ. ಹುಬ್ಬಿನ ಮೇಲೆ ಸದಾ ಹಿಟ್ಟು ಕೂತಿರುವುದರಿಂದ ಮದುವೆಯಾದ ಹೊಸತರಲ್ಲೇ ಮುದುಕರಂತೆ ಕಾಣುತ್ತಿದ್ದರು. ಈಗ ನಿಜವಾಗಿ ನರೆತಿದೆ, ಯಾರಿಗೂ ವ್ಯತ್ಯಾಸ ತಿಳಿದಿಲ್ಲ.

ನಮ್ಮ ಒಬ್ಬಳೇ ಮಗಳನ್ನು ಇಡೀ ಬೀದಿ ಇನ್‌ಸ್ಪೆಕ್ಟರ್ ಎಂದು ಕರೆಯುತ್ತದೆ. ಮೂರನೇ ಕ್ಲಾಸಿನ ಈ ಅಧಿಕಾರಿ ತರಕಾರಿ ಎಂದರೆ ಮಾರು ದೂರ. ಯಾವತ್ತೋ ಬನ್ನಿನಲ್ಲಿ ಒಂದು ಬಟಾಣಿ ಸಿಕ್ಕಿದ್ದೇ ನೆಪ, ಅಂದಿನಿಂದ ಏನು ಕೊಟ್ಟರೂ ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಾಯಿಗಿಡುತ್ತಾಳೆ.

ಇಂಥವಳ ಹೊಟ್ಟೆಗೆ ತರಕಾರಿ ಸೇರಿಸಲು ಅವಳಪ್ಪ ಒಂದು ದಾರಿ ಕಂಡುಕೊಂಡರು. ಕುಂಬಳಕಾಯಿ ಬೇಯಿಸಿ, ನುಣ್ಣಗೆ ಅರೆದು, ಮೆಕ್ಕೆಜೋಳದ ಹಿಟ್ಟಿನ ಬನ್ನಿಗೆ ಕಲಸಿಬಿಟ್ಟರು. ಹಳದಿಯಲ್ಲಿ ಹಳದಿ ಮಾಯ. ಇನ್‌ಸ್ಪೆಕ್ಟರ್ ಒಡೆದು ನೋಡಿ, ಪಾಸು ಮಾಡಿ, ಇನ್ನೊಂದು ಕೇಳಿದಳು. ನಾವಿಬ್ಬರೂ ಹಿಟ್ಟಿನ ಮೂಟೆಗಳ ಹಿಂದೆ ನಿಂತು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು. ಸಿಪ್ಪೆ ಹೆರೆದವಳು ನಾನೇ, ಸುಳ್ಳು ಯಾಕೆ ಹೇಳಲಿ.

ಹೀಗೆ ಸುಖವಾಗಿರುವಾಗ ಹಿಟ್ಟಿನ ವ್ಯಾಪಾರಿ ಒಂದು ದಿನ ಮೂಟೆ ಇಳಿಸುತ್ತ ಬಾಯಿತಪ್ಪಿ ಹೇಳಿದ. "ಇದು ಕುಲಾಂತರಿ ಮೆಕ್ಕೆಜೋಳದ್ದು ಅಣ್ಣ. ಹುಳ ಬೀಳಬಾರದು ಅಂತ ಬೀಜದಲ್ಲೇ ಏನೋ ಸೇರಿಸ್ತಾರಂತೆ. ಸುಮಾರು ದಿನದಿಂದ ಇದೇ ಬರ್ತಿದೆ."

"ಮೂಟೆ ಮೇಲೆ ಯಾಕೆ ಬರೆದಿಲ್ಲ?"

"ಬರೆದ್ರೆ ಯಾರು ತಗೋತಾರೆ?"

ಯಜಮಾನರಿಗೆ ಪಿತ್ತ ನೆತ್ತಿಗೇರಿತು. ಅದಕ್ಕಿಂತ ಮೊದಲು ಭಯವಾಯಿತು. ಅಷ್ಟು ದಿನ ಮಗಳು ತಿಂದದ್ದು ಅದೇ ಹಿಟ್ಟು. ಹಿಟ್ಟಿನ ಕೈಯಲ್ಲೇ ಅವಳ ಹಣೆ ಮುಟ್ಟಿ ನೋಡಿ, ಬೀದಿಯ ಡಾಕ್ಟರ ಹತ್ತಿರ ಓಡಿದರು, ಆಮೇಲೆ ಶಾಲೆಯ ವಿಜ್ಞಾನದ ಮೇಷ್ಟ್ರ ಹತ್ತಿರ. ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟಿರುವುದನ್ನು ತಿಂದವರಿಗೆ ಇಲ್ಲಿಯವರೆಗೆ ತೊಂದರೆ ಕಂಡುಬಂದಿಲ್ಲ ಎಂದರು ಇಬ್ಬರೂ. ಭಯ ಇಳಿಯಿತು. ಕೋಪ ಮಾತ್ರ ಇಳಿಯಲಿಲ್ಲ.

"ಏನೂ ಆಗಲ್ಲ ಅನ್ನೋದಾದ್ರೆ ಹೇಳೋದಕ್ಕೇನು ದಾಡಿ? ನನ್ನ ಮಗಳು ಏನು ತಿಂತಾಳೆ ಅಂತ ನನಗೆ ಗೊತ್ತಿರಬೇಡ್ವಾ?"

"ರೀ, ಅವಳಿಗೂ ಗೊತ್ತಿರಬೇಡ್ವಾ?" ಎಂದೆ.

"ಅದು ಬೇರೆ," ಎಂದು ಹಿಟ್ಟನ್ನು ನಾಲ್ಕು ಗುದ್ದಿದರು.

ಆಮೇಲಿನ ದಿನಗಳಲ್ಲಿ ಬ್ರೆಡ್ ಕೊಳ್ಳಲು ಬಂದವರೆಲ್ಲ ಭಾಷಣ ಹೊತ್ತುಕೊಂಡು ಹೋದರು. ಬಿಸಿ ಎಷ್ಟು ಮುಟ್ಟಿತೆಂದರೆ, ಬೀಜದ ಕಂಪನಿಯವರೇ ಜನರ ಜೊತೆ ಮಾತಾಡುತ್ತೇವೆಂದು ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಉತ್ತರ ಹೇಳಲು ಒಬ್ಬ ಯುವ ವಿಜ್ಞಾನಿ ಬಂದಿದ್ದಳು. ನಮ್ಮವರು ಜಗಳಕ್ಕೆ ಹೋಗುವಾಗಲೂ ಬರಿಗೈಯಲ್ಲಿ ಹೋಗುವವರಲ್ಲ, ಎಲ್ಲರಿಗೂ ಒಂದು ಟ್ರೇ ತುಂಬ ಬನ್ನು ಹೊತ್ತುಕೊಂಡೇ ಹೋದರು. ನಾನು ಹಿಂದಿನ ಸಾಲಿನಲ್ಲಿ, ಮಗಳು ಮುಂದಿನ ಸಾಲಿನಲ್ಲಿ ಕೂತೆವು.

"ಸರ್, ಹೆಸರು ಕೇಳಿದ ಕೂಡ್ಲೇ ಜನ ಮೂಗು ಮುರೀತಾರೆ," ಎಂದಳು ವಿಜ್ಞಾನಿ, ಮೂಟೆಯ ಮೇಲೆ ಯಾಕೆ ಬರೆಯಲಿಲ್ಲ ಎಂದು ನಮ್ಮವರು ಕೇಳಿದಾಗ. "ಮೊದಲು ತಿನ್ನಲಿ, ಅಭ್ಯಾಸ ಆಗಲಿ, ಆಮೇಲೆ ಹೇಳೋಣ ಅಂತ ನಮ್ಮವರ ಯೋಚನೆ."

"ತಿನ್ನಿಸಿ ಆಮೇಲೆ ಹೇಳೋದಕ್ಕೆ ನಮ್ಮಲ್ಲಿ ಮೋಸ ಅಂತೀವಿ ತಾಯಿ."

ಚಪ್ಪಾಳೆಯೋ ಚಪ್ಪಾಳೆ. ಯಜಮಾನರು ಎರಡಂಗುಲ ಎತ್ತರವಾದರು. ನಾನೂ ಪಕ್ಕದವರಿಗೆ "ನಮ್ಮವರೇ" ಎಂದು ಹೇಳಿಕೊಂಡೆ. ಆಗ ನೋಡಿದೆ, ಇನ್‌ಸ್ಪೆಕ್ಟರ್ ಒಡೆದ ಬನ್ನನ್ನು ಟ್ಯೂಬ್‌ಲೈಟಿಗೆ ಹಿಡಿದು ನಿಂತಿದ್ದಾಳೆ.

"ಅಪ್ಪಾ, ಇದರಲ್ಲಿ ಹಸಿರು ಏನೋ ಇದೆ. ಏನದು?"

ಸಿಪ್ಪೆಯ ಚೂರು. ಹೆರೆಯುವಾಗ ನನ್ನ ಕೈ ತಪ್ಪಿತ್ತು. ಕೊತ್ತಂಬರಿ ಅಂತ ಹೇಳಿ ಪಾರಾಗಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ಕೈಯಿಂದ ಹೆಗಲ ಮೇಲಿನ ಹಿಟ್ಟು ಒರೆಸಿಕೊಂಡರು. ಮಗಳ ಮುಖ ನೋಡಿದರು, ವಿಜ್ಞಾನಿಯ ಮುಖ ನೋಡಿದರು.

"ಕುಂಬಳಕಾಯಿ," ಎಂದರು.

"ಯಾವಾಗಿಂದ?"

"ನೀನು ಒಂದನೇ ಕ್ಲಾಸಲ್ಲಿದ್ದಾಗಿಂದ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ತಿಂತಿರ್ಲಿಲ್ಲ ಕಂದಾ."

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ವಿಜ್ಞಾನಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು, ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗದೆ ಇದ್ದವಳು ಒಬ್ಬಳೇ.

"ಅಮ್ಮನಿಗೂ ಗೊತ್ತಿತ್ತಾ?"

"ಸಿಪ್ಪೆ ಹೆರೆದಿದ್ದೇ ಅವಳು," ಎಂದರು ಕಟ್ಟಿಕೊಂಡ ಗಂಡ, ತುಂಬಿದ ಸಭೆಯಲ್ಲಿ.

ಮಾರನೆಯ ದಿನದಿಂದ ಮಗಳು ಸಿಪ್ಪೆ ಇರುವ ಪದಾರ್ಥ ಮಾತ್ರ ತಿನ್ನತೊಡಗಿದಳು, ಅದೂ ತಾನೇ ಸುಲಿದು. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಡಲೆಕಾಯಿ, ಕಿತ್ತಳೆ. ಇವುಗಳೊಳಗೆ ಅಪ್ಪ ಏನೂ ಸೇರಿಸಲಾರರು ಎನ್ನುವುದು ಅವಳ ಲೆಕ್ಕಾಚಾರ. ನೋಡಿದವರಿಗೆ ತಮಾಷೆ. ಬೇಕರಿಯವನ ಮಗಳು ಬ್ರೆಡ್ ಮುಟ್ಟುವುದಿಲ್ಲವೆಂದು ಗಿರಾಕಿಗಳು ಕಾಲೆಳೆದರೆ ಯಜಮಾನರೂ ನಗುತ್ತಿದ್ದರು. ಒಳಗೆ ಬಂದು ಮಾತ್ರ ಖಾಲಿ ಟ್ರೇ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು.

"ಕುಂಬಳಕಾಯಿಯಿಂದ ಅವಳಿಗೆ ಒಳ್ಳೇದೇ ಆಯ್ತಲ್ವೇನೇ," ಎಂದರು ಒಂದು ಮಧ್ಯಾಹ್ನ. "ಆದ್ರೂ ನನ್ನ ಕೈಯಿಂದ ಏನೂ ತಗೋತಿಲ್ಲ ನೋಡು." ನನಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೆನಾದ್ದರಿಂದ ಮರ್ಯಾದೆ ಉಳಿಯಿತು.

ಆ ಸಂಜೆಯೇ ಅವರು ಗಾಜಿನ ಕಪಾಟಿನ ಮೇಲೆ ಒಂದು ಬೋರ್ಡು ನಿಲ್ಲಿಸಿದರು: 'ಈ ಬನ್ನಿನಲ್ಲಿ ಕುಂಬಳಕಾಯಿ ಇದೆ. ಕುಲಾಂತರಿ ಮೆಕ್ಕೆಜೋಳದ ಹಿಟ್ಟೂ ಇದೆ. ಬೇಡದವರಿಗೆ ಪಕ್ಕದಲ್ಲಿ ಗೋಧಿ ಬನ್ನು ಇದೆ. ಏನು ಬೇಕಾದರೂ ಕೇಳಿ.' ಕೆಲವರು ಓದಿ ಹಾಗೇ ತಿರುಗಿ ಹೋದರು. ಹೆಚ್ಚಿನವರು ಕೇಳಿದರು, ಕೇಳಿ ಕೇಳಿ ತಲೆ ತಿಂದರು, ಕೊನೆಗೆ ಬನ್ನನ್ನೂ ತಿಂದರು. ವಿಜ್ಞಾನಿ ಒಮ್ಮೆ ಬಂದು ಬೋರ್ಡಿನ ಫೋಟೋ ತೆಗೆದುಕೊಂಡು, "ನಮ್ಮ ಸಾಹೇಬರಿಗೆ ತೋರಿಸ್ತೀನಿ," ಎಂದು ಹೋದಳು.

ಮಗಳಿಗೆ ನಾದುವ ಮೇಜಿನ ಪಕ್ಕ ಎಣ್ಣೆ ಡಬ್ಬ ಬೋರಲು ಹಾಕಿ ಸಿಂಹಾಸನ ಮಾಡಿಕೊಟ್ಟರು. ಶಾಲೆಯಿಂದ ಬಂದವಳು ಅಲ್ಲಿ ಕೂತು, ಕಡಲೆಕಾಯಿ ಸುಲಿಯುತ್ತ, ಅಪ್ಪ ಒಂದು ಚಿಟಿಕೆ ಉಪ್ಪು ಹಾಕಿದರೂ ಹೆಸರು ಹೇಳಿಸುತ್ತಿದ್ದಳು. ಕುಂಬಳಕಾಯಿಯನ್ನು ಬೇಕೆಂತಲೇ ನಾಲಿಗೆಗೆ ಮುಟ್ಟಿಸಿ ನೋಡಿ, "ಥೂ, ಚೆನ್ನಾಗಿಲ್ಲ," ಎಂದಳು. ಅವರು ಅವಳಿಗಾಗಿ ಬೇರೆ ಹಿಟ್ಟು ಕಲಸಿದರು.

ಹೀಗೇ ಒಂದು ಭಾನುವಾರ ಬೆಳಗ್ಗೆ ಮೂವರೂ ತಿಂಡಿಗೆ ಕೂತಿದ್ದೆವು. ಅವರು ಟ್ರೇಯಿಂದ ಮೂರು ಬನ್ನು ತಂದಿಟ್ಟು, "ಬರೀ ಗೋಧಿ, ಬೆಣ್ಣೆ, ಸಕ್ಕರೆ, ಉಪ್ಪು, ಯೀಸ್ಟ್," ಎಂದು ಒಪ್ಪಿಸಿ, ಉಸಿರು ಹಿಡಿದು ನಿಂತರು. ಮಗಳು ಒಂದನ್ನು ಎತ್ತಿಕೊಂಡಳು. ಕಿಟಕಿಯ ಕಡೆ ತಿರುಗಲೇ ಇಲ್ಲ. ಇಡೀ ಬನ್ನನ್ನು ಹಾಗೇ ಕಚ್ಚಿ, ಕೆನ್ನೆ ಉಬ್ಬಿಸಿಕೊಂಡು, ಶಾಲೆಯ ಯಾವುದೋ ಕಥೆ ಶುರು ಮಾಡಿದಳು.

ಯಜಮಾನರು ಮೆಲ್ಲಗೆ ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಕೇಳಿ ಇಣುಕಿ ನೋಡಿದರೆ, ಆ ವಯಸ್ಸಿನ ಮನುಷ್ಯ ಲಟ್ಟಣಿಗೆ ಹಿಡಿದು ಕುಣಿಯುತ್ತಿದ್ದಾರೆ.

"ಒಡೆದು ನೋಡ್ಲಿಲ್ಲ ಕಣೇ," ಎಂದರು ಹೊರಬಂದು ನನ್ನ ಕಿವಿಯಲ್ಲಿ. ಕಣ್ಣು ತುಂಬಿತ್ತು. "ನೋಡಿದ್ಯಾ? ಒಡೆದೇ ನೋಡ್ಲಿಲ್ಲ."

"ನೋಡಿದೆ," ಎಂದೆ. ಆಗಲೇ ಎರಡು ಹೋಳು ಮಾಡಿ ಪರೀಕ್ಷಿಸಿದ್ದ ನನ್ನ ಬನ್ನನ್ನು ಅವರಿಗೆ ಕಾಣದಂತೆ ಸೆರಗಿನಡಿ ಸರಿಸಿಕೊಂಡೆ.